ಅಮೇರಿಕಾ ಪದ್ಧತಿಯ ಕೃಷ್ಣ

ಮನುಷ್ಯನ ಮುಖ, ದನಿ ಮತ್ತು ಕಾಲು ಈ ಮೂರೂ ಒಂದೇ ಮೈಯಲ್ಲಿ ಇರತಕ್ಕದ್ದೆಂದು ನಿಜಾಮ ಸರಕಾರದ ಯಾವ ಕಾಯ್ದೆಯಲ್ಲೂ ಬರೆದಿರಲಿಲ್ಲ. ಈ ಸಂಗತಿ ಲಿಂಗಸುಗೂರಿನವರ ಗಮನಕ್ಕೆ ಬಂದದ್ದು ಜರ್ಮನಿಯ ಲಡಾಯಿ ನಡೆದಿದ್ದ ಕಾಲದಲ್ಲಿ, ಮಸ್ಕಿಯ ಸಂತೆಯ ದಿನ, ಕರೀಂಸಾಬನ ಡೇರೆ ಟಾಕೀಸಿನಲ್ಲಿ.

ಅಂದು ಕರೀಂಸಾಬ ಅಮೇರಿಕಾದ ಒಂದು ಹಾಡು-ಕುಣಿತದ ಚಿತ್ರ ಹಾಕಿದ್ದ. ಕುರ್ಚಿಯ ಮೇಲೆ ತಹಸೀಲ್ ಕಚೇರಿಯ ಪೇಶ್ಕಾರ ವೆಂಕೋಬರಾಯರು ಕೂತಿದ್ದರು. ಅವರ ಕಾಲ ಬಳಿ ನೆಲದ ಮೇಲೆ ಸಾಲಗುಂದದ ಕರಿಬಸಪ್ಪ ಕೂತಿದ್ದ. ಕರಿಬಸಪ್ಪನಿಗೆ ಚಿತ್ರದ ಹಂಬಲವಿರಲಿಲ್ಲ, ಪೇಶ್ಕಾರರ ಕೃಪೆಯ ಹಂಬಲವಿತ್ತು.

ಅದಕ್ಕೆ ಕಾರಣವಿದೆ. ಕರಿಬಸಪ್ಪ ದೊಡ್ಡಾಟದ ಹಿಮ್ಮೇಳದಲ್ಲಿ ಹಾಡುವವನು. ಅವನು ಸಾಲಗುಂದದಲ್ಲಿ ದನಿ ಎತ್ತಿದರೆ ಪಕ್ಕದೂರಿನ ಎತ್ತುಗಳು ಕಿವಿ ನಿಮಿರಿಸುತ್ತಿದ್ದವು. ತುರ್ವಿಹಾಳದ ದೊಡ್ಡಬಸಪ್ಪನ ಮಗಳು ಸಂಗಮ್ಮ ಆ ದನಿಗೆ ಒಪ್ಪಿ ವರ್ಷವಾಗಿತ್ತು. ಒಪ್ಪದವನು ಅಪ್ಪ. ದೊಡ್ಡಬಸಪ್ಪನ ದಾಯಾದಿಗೆ ಸಿಕ್ಕ ಅಳಿಯ ಹಿಂದಿನ ಸುಗ್ಗಿಯಲ್ಲಿ ಭೀಮನ ವೇಷ ಕಟ್ಟಿ ಕಿರೀಟ ಹೊತ್ತಿದ್ದ. ಅಂದಿನಿಂದ ದಾಯಾದಿ ಬಾವಿಕಟ್ಟೆಗೆ ಬಂದರೂ ಎದೆ ಮುಂದೆ, ಹೊಟ್ಟೆ ಹಿಂದೆ.

"ಕಿರೀಟ ಹೊತ್ತವ್ನ ನನ್ನ ಅಳಿಯ," ಅಂದಿದ್ದ ದೊಡ್ಡಬಸಪ್ಪ. "ನಾ ಕಣ್ಣಾರೆ ನೋಡಬೇಕು. ಪರದೇ ಹಿಂದ ಕುಂತು ಒದರಾವ್ರಿಗೆ ಎಮ್ಮಿ ಕೊಟ್ಟೇನು, ಮಗಳ್ನ ಕೊಡಾಂಗಿಲ್ಲ."

ಅಷ್ಟರಲ್ಲಿ ಜಿಲ್ಲೆಯ ದೊಡ್ಡ ಸಾಹೇಬರು, ಅಂದರೆ ತಾಲ್ಲೂಕ್‌ದಾರರು, ಲಿಂಗಸುಗೂರಿಗೆ ಬರುವ ಸುದ್ದಿಯಾಯಿತು. ಅವರ ಸಂತೋಷಕ್ಕೆಂದು ಜಲ್ಸಾ ಇಂತಜಾಮ್ ಕಮಿಟಿ ಎಂಬುದೊಂದು ಹುಟ್ಟಿತು. ಕಮಿಟಿಯ ಸದರ್, ಎಂದರೆ ಅಧ್ಯಕ್ಷರು, ವೆಂಕೋಬರಾಯರು. ಉಳಿದ ಮೆಂಬರುಗಳೂ ವೆಂಕೋಬರಾಯರೇ, ಯಾಕೆಂದರೆ ಒಮ್ಮತ ಇರಬೇಕೆಂದು ಹುಕುಂ ಇತ್ತು. ಕೃಷ್ಣನ ಆಟ ಆಡುವುದೆಂದು ಒಮ್ಮತವಾಯಿತು. ಕೃಷ್ಣ ಯಾರೆಂಬುದಷ್ಟೇ ಬಾಕಿ.

ಇತ್ತ ಡೇರೆಯೊಳಗೆ ಪರದೆಯ ಮೇಲೆ ಅಮೇರಿಕಾದ ಹುಡುಗಿ ಮೆಟ್ಟಿಲಿಳಿಯುತ್ತ ಹಾಡುತ್ತಿದ್ದಳು.

"ಭೇಷ್ ದನಿ," ಅಂದರು ಪೇಶ್ಕಾರರು.

"ದನಿ ಆಕೀದಲ್ರೀ ಹುಜೂರ್," ಅಂದ ಕರೀಂಸಾಬ. "ಹಾಡಿದಾಕಿ ಬ್ಯಾರೆ. ಮುಂಬೈದಾಗ ಫಿಲಂ ಕೊಟ್ಟಾವ್ರು ಹೇಳ್ಯಾರ."

"ಹಾಡಾಕ ಬರೋ ಆಕೀನ್ನ ನಿಂದ್ರಸಬೇಕಿಲ್ಲೇನು?"

"ಆಕಿ ಮಾರಿ ಧಣಿಗೋಳಿಗೆ ಒಪ್ಪಿಗಿ ಆಗ್ಲಿಲ್ಲಂತ್ರೀ. ಈಕಿಗೆ ಈಜಾಕ ಬರ್ತದಂತ, ಅದಕ್ಕ ಪಾರ್ಟು ಕೊಟ್ಟಾರ."

"ಚಿತ್ರದಾಗ ನೀರೇ ಇಲ್ಲಲ್ಲೋ."

"ಇಲ್ರೀ. ಆದ್ರೂ ಬರ್ತದಂತ."

ಪೇಶ್ಕಾರರು ನಿಧಾನಕ್ಕೆ ತಲೆ ಆಡಿಸಿದರು. ಇಂಥ ನೇಮಕಾತಿ ಅವರಿಗೆ ಹೊಸದಲ್ಲ. ಸಮುದ್ರದಾಚೆಗೂ ಇದೆಯೆಂಬುದಷ್ಟೇ ಹೊಸದು. ಮುಂದೆ ಮುಖಕ್ಕೆ ಕಪ್ಪು ಬಳಿದುಕೊಂಡ ಒಬ್ಬ ಬಂದು ಹಾಡಿದ.

"ಇವ ಹಬ್ಶಿಯೇನು?"

"ಬಿಳೀ ಮನಶಾ ರೀ. ಮಸಿ ಹಚ್ಯಾರ."

"ಅಲ್ಲಿ ಕರೇ ಮಂದಿ ಇಲ್ಲೇನೋ?"

"ಬೇಕಾದಷ್ಟು ಅದಾರಂತ್ರೀ. ಅವ್ರು ಬಾಗಲಾ ತೆಗಿಯೋ ಪಾರ್ಟು ಮಾಡ್ತಾರ."

ಇದೇ ಸಮಯ ಅಂದುಕೊಂಡ ಕರಿಬಸಪ್ಪ ಕೈ ಮುಗಿದು ಎದ್ದ. "ಸಾಹೇಬ್ರ, ನಮ್ಮಾಟದಾಗ ಮಸೀ ಖರ್ಚೂ ಇಲ್ರೀ. ಕೃಷ್ಣ ಕರಿಯ, ನಾನೂ ಕರಿಯ. ಹಾಡ್ತೀನಿ. ಕುಣಿಯಾಕನೂ ಬರ್ತೈತಿ."

ವೆಂಕೋಬರಾಯರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ತಮ್ಮಾ, ನೀ ಹುಟ್ಟಿದಾಗಿಂದ ಕರಿಯ. ಅದ್ರಾಗ ಕಲಾ ಏನೈತಿ?"

ಮರುದಿನ ಲಿಂಗಸುಗೂರಿನಲ್ಲಿ ಡಂಗುರ ಹೊಡೆಸಿದರು. ತಮಟೆಯವನು ನಾಲ್ಕು ರಸ್ತೆ ಕೂಡುವಲ್ಲಿ ನಿಂತು ಸಾರಿದ: "ಮಹಾಜನಗಳು ಕೇಳ್ರಪೋ. ಕಮಿಟಿಯ ಹುಕುಂ ಪ್ರಕಾರ ಕೃಷ್ಣನ ಆಟ ಅಮೇರಿಕಾ ಪದ್ಧತಿಯಿಂದ ಜರುಗುವುದು. ಕೃಷ್ಣನ ಮುಖ, ಪೇಶ್ಕಾರರ ಹೆಂಡತಿಯ ತಮ್ಮ ಗೋಪಣ್ಣನವರು. ಕೃಷ್ಣನ ದನಿ, ಸಾಲಗುಂದದ ಕರಿಬಸಪ್ಪ. ಕೃಷ್ಣನ ಕಾಲು, ಜವಾನ ರಾಜೇಸಾಬ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕತಕ್ಕದ್ದಲ್ಲ. ಮುಖ ಹಾಡಿದರೆ, ದನಿ ಕುಣಿದರೆ ಸಜಾ ಆಗುವುದು."

ಗೋಪಣ್ಣ ಹಾಲಿನಂತೆ ಬೆಳ್ಳಗಿದ್ದ. ಹಾಡೆಂದರೆ ಅವನಿಗೆ ಕೆಮ್ಮು ಬರುತ್ತಿತ್ತು, ನಡೆದರೆ ಏದುಸಿರು. ಅವನಿಗೆ ಈಜು ಬರುತ್ತದೆಂದು ಕಮಿಟಿ ಖಾತ್ರಿ ಮಾಡಿಕೊಂಡಿತ್ತು. ರಾಜೇಸಾಬನೋ, ಮೊಹರಂ ಅಲಾಯಿ ಕುಣಿತದಲ್ಲಿ ಹೆಜ್ಜೆ ಹಾಕಿದರೆ ಮುದುಕಿಯರೂ ಕೋಲು ಬಿಟ್ಟು ನಿಲ್ಲುವಂಥವನು.

ಕರಿಬಸಪ್ಪ ಪೇಶ್ಕಾರರ ಕಾಲು ಹಿಡಿದ. "ಕಿರೀಟಾದ್ರೂ ನನಗ ಕೊಡ್ರೀ. ಪರದೇ ಹಿಂದನ ಹೊತಗಂಡು ಕುಂಡ್ರತೀನಿ."

"ದನಿಗೆ ಎಲ್ಲಿಂದ ಬಂತಲೇ ತಲಿ?" ಅಂದರು ವೆಂಕೋಬರಾಯರು, ಬೇಸರವಿಲ್ಲದೆ. "ಮಸ್ಕಿ ಗುಡ್ಡದ ಬಂಡಿಗಲ್ಲಿನ ಮ್ಯಾಲ ಅಶೋಕ ಬರಿಸಿದ್ದು ಐತಿ. ಆ ರಾಜಾ ಬಂದು ಉಳಿ ಹಿಡಿದಿದ್ನೇನು? ಹೆಸರು ಅವಂದು, ಕೈ ಯಾವನೋ ಕಲ್ಲುಕುಟಿಗಂದು. ಆ ಕಲ್ಲುಕುಟಿಗ ಕಿರೀಟ ಕೇಳಿದ್ನೇನು?"

ಕೇಳಿರಲಾರ. ಕರಿಬಸಪ್ಪ ಹಿಡಿದ ಕಾಲು ಬಿಟ್ಟ.

ತಾಲ್ಲೂಕ್‌ದಾರರು ಬೇಗ ಮಲಗುವವರಾದ್ದರಿಂದ ದೊಡ್ಡಾಟವನ್ನು ಮಟಮಟ ಮಧ್ಯಾಹ್ನ ಇಡಲಾಯಿತು. ಆಟಕ್ಕೆ ಗ್ಯಾಸ್‌ಬತ್ತಿ ಹಚ್ಚತಕ್ಕದ್ದೆಂಬ ಹಳೆಯ ಹುಕುಂ ರದ್ದಾಗಿರಲಿಲ್ಲವಾಗಿ ಬಿಸಿಲಿನಲ್ಲಿ ಗ್ಯಾಸ್‌ಬತ್ತಿಗಳೂ ಉರಿಯುತ್ತಿದ್ದವು. ಆಟದ ಕಟ್ಟೆಯ ಉದ್ದಕ್ಕೂ ಸೊಂಟದೆತ್ತರಕ್ಕೆ ಒಂದು ಜಮಖಾನೆ ಕಟ್ಟಿದ್ದರು. ಅದರ ಹಿಂದೆ ತಿಪಾಯಿಯ ಮೇಲೆ ಗೋಪಣ್ಣ ನಿಂತಿದ್ದ, ಮುಖಕ್ಕೆ ಎಣ್ಣೆಮಸಿ, ತಲೆಗೆ ಕಿರೀಟ, ಬಾಯಲ್ಲಿ ಎಲೆ ಅಡಿಕೆ. ಜಮಖಾನೆಯ ಕೆಳಗಿಂದ, ಹಿಂದೆ ಬಗ್ಗಿ ನಿಂತ ರಾಜೇಸಾಬನ ಗೆಜ್ಜೆಗಾಲು ಕಾಣುತ್ತಿದ್ದವು. ಕರಿಬಸಪ್ಪನನ್ನು ಇನ್ನೂ ಹಿಂದೆ, ನೀರಿನ ಹರವಿಗಳ ನಡುವೆ ಕೂರಿಸಿದ್ದರು.

ತುರ್ವಿಹಾಳದಿಂದ ಬಂಡಿ ಕಟ್ಟಿಕೊಂಡು ದೊಡ್ಡಬಸಪ್ಪ ಬಂದಿದ್ದ. ಪಕ್ಕದಲ್ಲಿ ಸಂಗಮ್ಮ.

ಆಟ ಶುರುವಾಯಿತು. ಕರಿಬಸಪ್ಪ ಗಂಟಲು ಸೀಳಿ ಹಾಡಿದ. ಜನರ ಮೈ ಜುಮ್ಮೆಂದಿತು. ದನಿ ಗೋಪಿಯರಿಗಾಗಿ ಅಳುತ್ತಿದ್ದಾಗ ಮುಖ ಎಲೆ ಅಡಿಕೆ ಅಗಿಯುತ್ತಿತ್ತು. ಹಾಡಿನ ಹುಮ್ಮಸ್ಸಿಗೆ ರಾಜೇಸಾಬನ ಕಾಲು ಕಟ್ಟೆಯ ಬಲಗಡೆಯ ತುದಿ ಮುಟ್ಟಿದವು. ಮುಖ ತಿಪಾಯಿ ಬಿಟ್ಟು ಕದಲಲಿಲ್ಲ, ಹುಕುಂ ಇರಲಿಲ್ಲ. ಕೃಷ್ಣನ ಮುಖ ನಟ್ಟನಡುವೆ, ಕಾಲು ಬೇವಿನ ಗಿಡದ ಹತ್ತಿರ, ದನಿ ಹರವಿಯೊಳಗೆ. ಜನ ತಾಲ್ಲೂಕ್‌ದಾರರ ಕಡೆ ನೋಡಿದರು. ತಾಲ್ಲೂಕ್‌ದಾರರು ನಿದ್ದೆಗಣ್ಣು ತೆರೆದು, "ವಾಹ್, ಸರ್ವಾಂತರ್ಯಾಮಿ," ಅಂದರು. ಚಪ್ಪಾಳೆ ಬಿತ್ತು. ಶಾಲು ಹೊದಿಸುವ ಹೊತ್ತಿಗೆ ಮುಖಕ್ಕೋ ದನಿಗೋ ಕಾಲಿಗೋ ಎಂಬ ಚರ್ಚೆಯಾಗಿ, ಜಗಳ ಬೇಡವೆಂದು ವೆಂಕೋಬರಾಯರಿಗೆ ಹೊದಿಸಲಾಯಿತು.

ಕರಿಬಸಪ್ಪ ಹರವಿಗಳ ನಡುವಿನಿಂದ ಓಡಿ ಬಂಡಿಯ ಹತ್ತಿರ ಬಂದ. "ಮಾವ, ಹಾಡಿದ್ದು ನಾನು."

"ಕೇಳೀನಿ. ಕಣ್ಣೀರ ಬಂತು," ಅಂದ ದೊಡ್ಡಬಸಪ್ಪ. "ಆದ್ರ ಮಾತು ಕೊಟ್ಟಿದ್ದು ಕಿರೀಟಕ್ಕ. ಕಿರೀಟ ಅವನ ತಲಿಮ್ಯಾಲಿತ್ತು. ಮಗಳು ಅವಂಗ."

ಗೋಪಣ್ಣನಿಗೆ ಆಗಲೇ ಲಗ್ನವಾಗಿತ್ತು. ಅವನ ಹೆಂಡತಿ ಅಲ್ಲೇ ಇದ್ದಳು, ಕೈಯಲ್ಲಿ ತಾಮ್ರದ ತಂಬಿಗೆಯೂ ಇತ್ತು. ಗೋಪಣ್ಣ ಮಸಿಯೊಳಗೇ ಬಿಳಿಚಿಕೊಂಡ.

ಆಗ ಸಂಗಮ್ಮ ಬಂಡಿಯಿಂದ ಇಳಿದಳು. "ಅಪ್ಪಾ, ನಿನ್ನ ಮಾತು ಮುರಿಯೂದು ಬ್ಯಾಡ. ಕಮಿಟ್ಯಾವ್ರು ಪದ್ಧತಿ ಹಾಕ್ಯಾರಲ್ಲ, ಲಗ್ನಾನೂ ಅದ ಪದ್ಧತೀಲಿ ಮಾಡು. ಕಿರೀಟದ ಮಾರಿ ಹಂದರದಾಗ ಕುಂಡ್ರಲಿ. ದನಿ ನನ್ನ ಸಂಗಾಟ ಬಾಳೇ ಮಾಡ್ಲಿ."

"ಮತ್ತ ಕಾಲು?" ಅಂದ ರಾಜೇಸಾಬ ಗಾಬರಿಯಲ್ಲಿ.

"ನೀ ಮೆರವಣಿಗ್ಯಾಗ ಕುಣಿಯಪಾ, ಅಣ್ಣಾ. ಉಂಡು ಹೋಗು."

ಎಲ್ಲರೂ ಪೇಶ್ಕಾರರತ್ತ ನೋಡಿದರು. ಅವರು ಶಾಲು ಸರಿಮಾಡಿಕೊಂಡು ಯೋಚಿಸಿದರು. ತಾವೇ ತಂದ ಪದ್ಧತಿ, ತಪ್ಪೆನ್ನಲು ಬಾಯಿಲ್ಲ. "ಮಂಜೂರ್," ಅಂದರು.

ಲಗ್ನ ಮಾಡಿಸಲು ಬಂದ ಮಠದ ಅಯ್ಯನವರು ಒಂದು ತಕರಾರು ತೆಗೆದರು: ಗೋಪಣ್ಣ ಲಿಂಗವಂತನಲ್ಲ. ಆಮೇಲೆ ಅವರೇ ಬಗೆಹರಿಸಿದರು. "ಲಿಂಗ ಕಟ್ಟೂದು ಎದೀಗೆ. ಬಂದಿದ್ದು ಬರೇ ಮಾರಿ. ಮಾರಿಗೆ ಯಾವ ಕುಲ, ಅಡ್ಡಿಯಿಲ್ಲ."

ಹೀಗೆ ತುರ್ವಿಹಾಳದ ಹಂದರದಲ್ಲಿ ಗೋಪಣ್ಣ ಮಸಿ ಬಳಿದುಕೊಂಡು ಕಿರೀಟ ಹೊತ್ತು ಕೂತ. ಮಂಟಪದ ಹಿಂದಿನಿಂದ ಕೈ ಚಾಚಿ ಕರಿಬಸಪ್ಪ ತಾಳಿ ಕಟ್ಟಿದ, ಯಾಕೆಂದರೆ ಕೈ ಯಾರದೆಂದು ಹುಕುಂನಲ್ಲಿ ಹೇಳಿರಲಿಲ್ಲ. ದೊಡ್ಡಬಸಪ್ಪ ಎದೆ ಮುಂದೆ ಮಾಡಿ ದಾಯಾದಿಯ ಮುಂದೆ ಅಡ್ಡಾಡಿದ. ರಾಯಚೂರಿನ ಫೋಟೋದವನು ಮದುಮಕ್ಕಳ ಫೋಟೋ ಹಿಡಿದ. ಹೊತ್ತು ಮುಳುಗುವುದರೊಳಗೆ ಮುಖವನ್ನು ಅದರ ಹೆಂಡತಿ ತೊಳೆದು ಮನೆಗೆ ಕರೆದೊಯ್ದಳು.

ಫೋಟೋ ಸಾಲಗುಂದದ ಮನೆಯ ಗೋಡೆಯ ಮೇಲೆ ಬಹಳ ವರ್ಷ ಇತ್ತು. ಕರಿಬಸಪ್ಪನೇ ದಿನಾ ಅದರ ಧೂಳು ಒರೆಸಿ ಊದಿನಕಡ್ಡಿ ಬೆಳಗುತ್ತಿದ್ದ. ಮಕ್ಕಳು ಹುಟ್ಟಿ, ಮಾತು ಕಲಿತು, ಒಂದು ದಿನ ಹಿರಿಯವಳು ಬೆರಳು ತೋರಿಸಿದಳು. "ಯವ್ವಾ, ನಿನ್ನ ಬಾಜೂಕ ಕುಂತಾವ ಯಾರ?"

ಸಂಗಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಅದು ನಿಮ್ಮಪ್ಪನ ಮಾರಿ," ಅಂದಳು. "ನಿಮ್ಮಪ್ಪ ಹೊಲಕ್ಕ ಹೋಗ್ಯಾನ."

ಹೊಲದ ಕಡೆಯಿಂದ ಹಾಡು ಕೇಳುತ್ತಿತ್ತು. ಹುಡುಗಿ ಸರಿ ಎಂದು ತಲೆ ಆಡಿಸಿ ಆಡಲು ಹೋದಳು.