ಲಗ್ನಪತ್ರಿಕೆ ಹಿಡಿದು ಒಳನುಗ್ಗಿದ್ದು

ಯಾವ ಕಾವಲನ್ನಾದರೂ ದಾಟಬಹುದು, ಬುದ್ಧಿ ಬೇಕು ಅಷ್ಟೇ ಎಂದು ನಾನು ನಂಬಿದ್ದೆ. ಬುದ್ಧಿ ನನ್ನ ಬಳಿ ಇತ್ತು. ಎಂ.ಎಸ್ಸಿ. ಪ್ರಮಾಣಪತ್ರವೇ ಸಾಕ್ಷಿ!

ಹೈದರಾಬಾದಿನಲ್ಲಿ ವಾರಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಅವುಗಳ ಭದ್ರತೆಯನ್ನು ಪರೀಕ್ಷಿಸುವ ಸಣ್ಣ ಕಂಪನಿಯಲ್ಲಿ ನನಗೆ ಕೆಲಸ. ವೇಷ ಹಾಕಿ ಒಳನುಗ್ಗಬೇಕು, ಲೋಪ ಎಲ್ಲಿದೆ ಎಂದು ವರದಿ ಬರೆಯಬೇಕು. ನನ್ನ ಪಾಲಿಗೆ ಬಂದದ್ದು ಬ್ಯಾಂಕುಗಳ ಕಂಪ್ಯೂಟರುಗಳನ್ನಿಟ್ಟಿದ್ದ ಒಂದು ಡೇಟಾ ಸೆಂಟರ್. ವರದಿ ಒಪ್ಪಿಗೆಯಾದರೆ ನೌಕರಿ ಕಾಯಂ. ಅಲ್ಲಿಯವರೆಗೆ ಮನೆಯವರಿಗೂ ಬಾಯಿ ಬಿಡುವಂತಿಲ್ಲ. ಅದೇನು ಕಷ್ಟವಲ್ಲ, ನಾನು ಯಾರಿಗೂ ಏನನ್ನೂ ಹೇಳುವವಳಲ್ಲ.

ಕೊರಿಯರ್ ವೇಷ, ಎ.ಸಿ. ಮೆಕ್ಯಾನಿಕ್ ವೇಷದಲ್ಲಿ ಹೋದ ಸಹೋದ್ಯೋಗಿಗಳು ಗೇಟಿನಲ್ಲೇ ಸಿಕ್ಕಿಬಿದ್ದಿದ್ದರು. ನಾನು ಸುಲ್ತಾನ್ ಬಜಾರಿಗೆ ಹೋಗಿ ಹತ್ತು ಲಗ್ನಪತ್ರಿಕೆ ಅಚ್ಚು ಹಾಕಿಸಿದೆ, ಕನ್ನಡ ಒಂದು ಕಡೆ, ಇಂಗ್ಲಿಷ್ ಇನ್ನೊಂದು ಕಡೆ. ವರ ಕಾಲ್ಪನಿಕ: ಚಿ. ರಾಘವೇಂದ್ರ. ವಧುವಿನ ಹೆಸರು ಮಾತ್ರ ನನ್ನದೇ. ಗುರುತಿನ ಚೀಟಿ ಕೇಳಿದರೆ ತಾಳೆಯಾಗಬೇಡವೆ? ತಂದೆಯ ಹೆಸರು, ಕೂಕಟ್‌ಪಲ್ಲಿಯ ಮನೆ ವಿಳಾಸ ಎಲ್ಲವನ್ನೂ ಹಾಕಿಸಿದೆ. ಅರೆಬರೆ ಕೆಲಸ ನನಗಾಗುವುದಿಲ್ಲ!

ಗೇಟಿನಲ್ಲಿ ಬೀದರ್ ಕಡೆಯ ಶರಣಪ್ಪ, ಹುರಿಮೀಸೆಯ ಕಾವಲುಗಾರ. ರೇಷ್ಮೆ ಸೀರೆಯುಟ್ಟ ನನ್ನನ್ನು ನೋಡಿ "ಪಾಸ್?" ಎಂದು ಗದರಿದ. ಮೂಲೆಗೆ ಅರಿಶಿನ ಹಚ್ಚಿದ ಪತ್ರಿಕೆ ಕೊಟ್ಟೆ. ಆತ ಬೂಟು ಕಳಚಿ, ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ.

"ನಮ್ಮ ಕಡೀ ಹುಡುಗಿ! ಒಳಗ ಎಲ್ಲಾರಿಗೂ ಕೊಡಬೇಕೇನವ್ವಾ?"

"ಹೌದ್ರಿ. ಪಾಸ್ ಇಲ್ಲ."

"ಲಗ್ನಪತ್ರಿಕಿ ತಂದಾಕಿನ್ನ ಬಾಗಿಲಾಗ ನಿಲ್ಲಿಸಿದ್ರ ನನ್ನ ಹೆಂಡ್ತಿ ನನ್ನ ಮನಿಯೊಳಗ ಬಿಡಂಗಿಲ್ಲ. ಬಾರವ್ವಾ!" ಎಂದು ತನ್ನ ಕಾರ್ಡನ್ನೇ ಉಜ್ಜಿ ಬಾಗಿಲು ತೆರೆದ.

ಎರಡನೆಯ ಬಾಗಿಲಲ್ಲಿ ನೀರು ಕೊಟ್ಟರು. ಮೂರನೆಯದರಲ್ಲಿ ಕುರ್ಚಿ. ಕಂಪ್ಯೂಟರ್ ಕೋಣೆಯೊಳಗೆ ಮೇಲ್ವಿಚಾರಕರು ಕೈಮುಗಿದು, "ಹುಡುಗ ಏನು ಮಾಡುತ್ತಾನಮ್ಮಾ?" ಎಂದು ವಿಚಾರಿಸಿದರು. ನಾನು ಅಲ್ಲೇನು ಮಾಡುತ್ತಿದ್ದೇನೆ ಎಂದು ಒಬ್ಬರೂ ವಿಚಾರಿಸಲಿಲ್ಲ! ನನಗೆ ಮೈಯೆಲ್ಲ ಉರಿಯಿತು. ಒಂದು ತಂತಿ ಎಳೆದರೆ ಎಷ್ಟೋ ಬ್ಯಾಂಕು ನಿಂತುಹೋಗುತ್ತವೆ, ಇವರಿಗೆ ಮದುವೆ ಊಟದ ಚಿಂತೆ! ಅದೇ ಸಿಟ್ಟಿನಲ್ಲಿ ಹನ್ನೆರಡು ಪುಟದ ವರದಿ ಬರೆದು ಮನೆಗೆ ಹೋದೆ.

ಶರಣಪ್ಪ ಹೆಂಡತಿ ಸಮೇತ ನಮ್ಮ ಸೋಫಾದ ಮೇಲೆ ಕೂತಿದ್ದ. ಅವ್ವನ ಕೈಯಲ್ಲಿ ಪತ್ರಿಕೆ.

"ಯಾರವಾ ಈ ರಾಘವೇಂದ್ರ?"

"ಯಾರೂ ಅಲ್ಲ."

"ಯಾರೂ ಅಲ್ಲದಾಂವನ ಜೋಡಿ ಲಗ್ನ ಇಟ್ಕೊಂಡೀಯಾ? ಹೆತ್ತಾಕಿಗೆ ಹೇಳಲಿಲ್ಲ, ಗೇಟಿನಾಂವಗ ಪತ್ರಿಕಿ ಕೊಟ್ಟಿ!"

"ಈಗ ಹೇಳಾಕ ಬರಂಗಿಲ್ಲವ್ವಾ."

"ಹೇಳಾಕ ಬರಲಾರದಂಥ ಹುಡುಗ!" ಅವ್ವ ಹಣೆ ಬಡಿದುಕೊಂಡಳು.

"ಅಳಬ್ಯಾಡ್ರಿ ಅಕ್ಕಾರ," ಶರಣಪ್ಪ ಸಮಾಧಾನ ಹೇಳಿದ. "ಓಡಿ ಹೋಗಿಲ್ಲಲ್ರೀ, ಛಾಪಿಸ್ಯಾಳ!"

ಮೂರು ದಿನ ಅವ್ವ ನನ್ನೊಡನೆ ಮಾತು ಬಿಟ್ಟಳು. ಕಾಯಂ ನೌಕರಿಗಾಗಿ ಸಹಿಸಿದೆ.

ನಾಲ್ಕನೆಯ ದಿನ ಸಭೆ. ಡೇಟಾ ಸೆಂಟರಿನ ಮ್ಯಾನೇಜರ್ ನನ್ನ ವರದಿಯನ್ನು ಪಕ್ಕಕ್ಕಿಟ್ಟು ಶರಣಪ್ಪನ ರಿಜಿಸ್ಟರ್ ಬಿಚ್ಚಿದರು.

"ಬಂದವರ ಹೆಸರು, ತಂದೆಯ ಹೆಸರು, ವಿಳಾಸ, ಎಲ್ಲ ಇದೆ. ಅದೇ ಸಂಜೆ ಖುದ್ದಾಗಿ ಹೋಗಿ ವಿಳಾಸ ಪರಿಶೀಲಿಸಿದ್ದಾನೆ. ತಾಯಿ ಗುರುತಿಸಿದ್ದಾರೆ. ಇಂಥ ತಪಾಸಣೆ ಯಾವ ಕಂಪನಿಯಲ್ಲಿದೆ?"

"ಪತ್ರಿಕೆಯೇ ಸುಳ್ಳು, ಸರ್!" ಜನ್ಮದಲ್ಲಿ ಮೊದಲ ಬಾರಿ ಸಭೆಯಲ್ಲಿ ಕೂಗಿದೆ.

"ಹೆಸರು ಸುಳ್ಳೆ?"

"ಅಲ್ಲ."

"ವಿಳಾಸ?"

"ಅಲ್ಲ. ವರ ಸುಳ್ಳು."

"'ವರ ಅನುಮಾನಾಸ್ಪದ' ಎಂದು ಆತ ಷರಾ ಬರೆದಿದ್ದಾನಲ್ಲಮ್ಮಾ!"

ಶರಣಪ್ಪನಿಗೆ ಪ್ರಶಂಸಾಪತ್ರ. ನನಗೆ ಪ್ರೊಬೇಷನ್ ಇನ್ನೂ ಆರು ತಿಂಗಳು. ಯಾಕೆಂದು ನಮ್ಮ ಬಾಸ್ ರಾವ್ ಅವರನ್ನು ಕೇಳಿದೆ. "ಹೋದ ಕಡೆಯಲ್ಲೆಲ್ಲ ಮನೆ ವಿಳಾಸ ಕೊಟ್ಟುಬರುವ ಕಳ್ಳಿಯನ್ನು ಹೇಗಮ್ಮಾ ಕಾಯಂ ಮಾಡಲಿ?" ಎಂದರು.

ಹಲ್ಲು ಕಚ್ಚಿಕೊಂಡು ಮನೆಗೆ ಹೋಗಿ, ಅವ್ವನಿಗೆ ಮೊದಲಿನಿಂದ ಕೊನೆಯತನಕ ಎಲ್ಲವನ್ನೂ ಹೇಳಿದೆ. ಅವ್ವ ಒಲೆಯ ಉರಿ ತಗ್ಗಿಸಿ ನನ್ನ ಕಡೆ ತಿರುಗಿದಳು.

"ಹಂಗಾರ ಹುಡುಗನೂ ಖರೇ ಅಲ್ಲ, ನೌಕರಿನೂ ಕಾಯಂ ಅಲ್ಲ!"

ಆ ಮಾತಿನಲ್ಲಿ ಲೋಪ ಹುಡುಕಿದೆ. ಒಂದೂ ಸಿಗಲಿಲ್ಲ.