ಸಾಸಿವೆ, ಜೀರಿಗೆ ಮತ್ತು ಕಾಲದ ದಿಕ್ಕು

ಭೌತಶಾಸ್ತ್ರ ಓದಿದವನಷ್ಟು ದಂಡದ ಪ್ರಾಣಿ ಅಡುಗೆಮನೆಯಲ್ಲಿ ಮತ್ತೊಂದಿಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡಿ ನಿವೃತ್ತನಾದ ನಾನೇ ಹೇಳುತ್ತಿದ್ದೇನೆ, ನಂಬಿ. ನಮ್ಮವರ ಸೊಕ್ಕು ನೋಡಿ: ಮೂಲ ನಿಯಮಗಳಿಗೆ ಕಾಲದ ಹಿಂದುಮುಂದು ಗೊತ್ತಿಲ್ಲವಂತೆ. ಲೋಟ ಒಡೆಯುವುದೂ ಒಂದೇ, ಚೂರುಗಳು ಕೂಡಿ ಲೋಟವಾಗುವುದೂ ಒಂದೇ. ಎರಡನೆಯದು ಆಗದಿರುವುದು ಬರೀ ಸಂಭವನೀಯತೆಯ ಮಾತಂತೆ. ಹಾಗಾದರೆ ಕಾಲ ಒಂದೇ ಕಡೆ ಏಕೆ ಓಡುತ್ತದೆ ಎಂದರೆ, ಆದಿಯಲ್ಲಿ ವಿಶ್ವ ಅಚ್ಚುಕಟ್ಟಾಗಿತ್ತು, ಆಮೇಲೆ ಕೆಡುತ್ತಾ ಬಂತು ಎನ್ನುತ್ತಾರೆ. ಅಚ್ಚುಕಟ್ಟಾಗಿ ಏಕಿತ್ತು? ಇತ್ತು, ಅಷ್ಟೇ. ಪರೀಕ್ಷೆಯಲ್ಲಿ ಹೀಗೆ ಬರೆದ ಹುಡುಗರಿಗೆ ನಾನು ಸೊನ್ನೆ ಸುತ್ತಿದ್ದೇನೆ.

ಆಕಸ್ಮಿಕದ ಬಗ್ಗೆ ಊರಿನವರ ತಿಳಿವಳಿಕೆ ಇನ್ನೂ ಚಂದ. ಪಾರ್ಕಿನಲ್ಲಿ ನನ್ನ ಜೊತೆ ನಡೆಯುವ ಮುನಿಯಪ್ಪನವರ ರಾಗಿ ಹೊಲ ಸಾರಕ್ಕಿಯಲ್ಲಿತ್ತು. ಬೆಂಗಳೂರು ಬೆಳೆಯುತ್ತಾ ಬಂದು ಅದನ್ನು ಹತ್ತಿ ಕೂತಿತು. ಈಗ ಅಲ್ಲಿ ಅವರದು ನಾಲ್ಕು ಬಿಲ್ಡಿಂಗು. "ಎಲ್ಲಾ ನಮ್ ಪ್ಲಾನಿಂಗು ಸಾರ್" ಎನ್ನುತ್ತಾರೆ. ಲಿಫ್ಟು ಕೆಟ್ಟರೆ ಮಾತ್ರ "ಟೈಮ್ ಸರಿಯಿಲ್ಲ ಸಾರ್".

ಮೊನ್ನೆ ಭಾನುವಾರ ಜಯನಗರದ ನಮ್ಮ ಮನೆಯಲ್ಲಿ ನನ್ನ ಹೆಂಡತಿ ಶಾರದೆ ಸಾರಿನ ಪುಡಿಗೆಂದು ಜೀರಿಗೆ ಹುರಿದು ಡಬ್ಬಿಯಲ್ಲಿ ಆರಲಿಟ್ಟಿದ್ದಳು. ಸಹಾಯ ಮಾಡುವ ಹುಮ್ಮಸ್ಸಿನಲ್ಲಿ ಅದಕ್ಕೆ ನಾನು ಕಾಲು ಕೆಜಿ ಸಾಸಿವೆ ಸುರಿದೆ. ಮೇಲಿದ್ದದ್ದನ್ನು ಚಮಚದಲ್ಲಿ ಎತ್ತಿಬಿಡಬಹುದಿತ್ತು. ಆದರೆ ವಿದ್ಯಾವಂತನಲ್ಲವೇ? ಅಲ್ಲಾಡಿಸಿದರೆ ಒಂದು ಜಾತಿ ಕೆಳಗಿಳಿದು ತಾನೇ ಬೇರೆಯಾದೀತೆಂದು ಚೆನ್ನಾಗಿ ಅಲ್ಲಾಡಿಸಿದೆ.

"ಏನ್ರೀ ಇದು? ಮಿಲ್ಲು ಹನ್ನೆರಡಕ್ಕೆ ಮುಚ್ತಾರೆ!"

"ಅಲ್ಲಾಡಿಸ್ತಾ ಇದ್ರೆ ಒಂದಲ್ಲಾ ಒಂದ್ಸಲ ಬೇರೆ ಆಗ್ಬಹುದು ಕಣೆ. ಯಾವ ನಿಯಮಾನೂ ಬೇಡ ಅನ್ನಲ್ಲ."

"ಎಷ್ಟ್ ಹೊತ್ತಾಗುತ್ತೆ?"

"ವಿಶ್ವದ ವಯಸ್ಸಿಗಿಂತ ಸ್ವಲ್ಪ ಜಾಸ್ತಿ."

ಅವಳು ಮೊರ ತಂದು ನೆಲದ ಮೇಲೆ ಕೂತಳು. ಹಿಡಿ ಹಿಡಿಯಾಗಿ ಹಾಕಿಕೊಂಡು, ಓರೆ ಮಾಡಿ, ಬೆರಳಿನಿಂದ ಮೆಲ್ಲಗೆ ತಟ್ಟಿದಳು. ದುಂಡಗಿನ ಸಾಸಿವೆ ಉರುಳಿ ತಟ್ಟೆಗೆ ಬಿತ್ತು, ಜೀರಿಗೆ ಮೊರದಲ್ಲೇ ನಿಂತಿತು. ಒಂದೂವರೆ ಗಂಟೆಯಲ್ಲಿ ಎರಡೂ ಬೇರೆಬೇರೆ. ನನಗೆ ಅವಮಾನವಾಯಿತು. ಆದರೂ ಬಾಯಿ ಮುಚ್ಚಿಕೊಂಡಿದ್ದರೆ ಮೇಷ್ಟ್ರು ಹೇಗಾದೇನು?

"ಲೆಕ್ಕ ಇಷ್ಟಕ್ಕೇ ಮುಗಿಯಲ್ಲ ಶಾರದಾ. ಇಲ್ಲಿ ಅಚ್ಚುಕಟ್ಟಾಯ್ತು ಅಂದ್ರೆ ಇನ್ನೆಲ್ಲೋ ಅದಕ್ಕಿಂತ ಜಾಸ್ತಿ ಕೆಟ್ಟಿರ್ಬೇಕು. ಎಲ್ಲಿ ಅಂತ ಹುಡುಕೋದೇ ಕಷ್ಟ."

ಗೋಡೆ ಹಿಡಿದು ಏಳುತ್ತಿದ್ದವಳು ಅರ್ಧದಲ್ಲೇ ನಿಂತಳು. "ಏನ್ ಕಷ್ಟ? ನನ್ನ ಸೊಂಟದಲ್ಲಿದೆ."

ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದ ನಿಯಮವನ್ನು ಅವಳು ಮೈಯಲ್ಲಿ ಹೊತ್ತುಕೊಂಡು ತಿರುಗಿದ್ದಾಳೆ, ನಾನು ಕಂಡಿಲ್ಲ. ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. "ನೀನು ಮಲಕ್ಕೋ, ನಾನ್ ಹೋಗ್ತೀನಿ" ಎಂದು ಜೀರಿಗೆ ಡಬ್ಬಿ ಎತ್ತಿಕೊಂಡು ಮಿಲ್ಲಿಗೆ ಓಡಿದೆ. ಅರ್ಧ ಇಳಿದಿದ್ದ ಶಟರಿನ ಕೆಳಗೆ ತಲೆ ತೂರಿಸಿ, ಸಾರಿನ ಪುಡಿ ಮಾಡಿಕೊಡಪ್ಪ ಎಂದು ಗೋಗರೆದೆ. ಮಿಲ್ಲಿನವನು ಡಬ್ಬಿಯ ಮುಚ್ಚಳ ತೆಗೆದ. ಒಳಗೆ ನೋಡಿದ. ನನ್ನ ಕೈಚೀಲಕ್ಕಾಗಿ ಹಿಂದೆ ಮುಂದೆ ಹುಡುಕಿದ.

"ಧನಿಯಾ, ಮೆಣಸಿನಕಾಯಿ ಎಲ್ಲಾ ಎಲ್ಲಿ ಸಾರ್? ಬರೀ ಜೀರಿಗೆ ತಂದಿದೀರಲ್ಲ!" ಎಂದವನು, ಪಾಪ, ನನ್ನ ಮೇಲಿನ ಕನಿಕರಕ್ಕೇ ಹೇಳಿದ: "ನಿಮಗ್ಯಾಕ್ ಸಾರ್ ಇದೆಲ್ಲ? ಮೇಡಂನೇ ಕಳ್ಸಿ."