ಮೂರನೇ ಮಹಡಿಯಲ್ಲಿ ಉಬ್ಬಿದ ಹಾಸಿಗೆ

ದರ್ಜಿಯ ಬೆನ್ನುನೋವಿಗೆ ಮೂರು ತಿಂಗಳು ತುಂಬಿತ್ತು. ಹೊಲಿಗೆ ಯಂತ್ರದ ಮುಂದಿನಿಂದ ಎದ್ದರೆ ನೆಟ್ಟಗಾಗಲು ಗೋಡೆ ಹಿಡಿಯಬೇಕಿತ್ತು. ಮೆಮೊರಿ ಫೋಮ್ ಹಾಸಿಗೆಯೊಂದೇ ಗತಿಯೆಂದು ಹನ್ನೆರಡು ಅಂಗಡಿ ಸುತ್ತಿದ. ಮೆತ್ತಗಿದ್ದದ್ದರಲ್ಲಿ ಸೊಂಟ ಹೂತುಹೋಗುತ್ತಿತ್ತು, ಗಟ್ಟಿಯಿದ್ದದ್ದು ಭುಜ ಒತ್ತುತ್ತಿತ್ತು, ಎರಡೂ ಸರಿಯಿದ್ದದ್ದು ಎರಡು ವರ್ಷವೂ ಬಾಳುವ ಹಾಗಿರಲಿಲ್ಲ. ಹದಿಮೂರನೆಯ ಅಂಗಡಿಯಲ್ಲಿ ಮಲಗಿದಾಗ ಮಾತ್ರ ನೋವು ತಟ್ಟನೆ ಸುಮ್ಮನಾಯಿತು. ಪಾಪ, ಅವನಿಗೆ ಕಣ್ಣೀರೇ ಬಂತು.

ಭಾನುವಾರ ಬೆಳಿಗ್ಗೆ ಹಾಸಿಗೆ ಬಂತು. ಗಾಳಿಯೆಲ್ಲ ಹೀರಿ, ಪ್ಲಾಸ್ಟಿಕ್ಕಿನಲ್ಲಿ ಬಿಗಿದ ಸುರುಳಿ. ತಂದವರು ಅದನ್ನು ಮೂರನೇ ಮಹಡಿಯ ಮೆಟ್ಟಿಲ ಬಳಿ ಇಳಿಸಿದರು. ಮಲಗುವ ಕೋಣೆಯಲ್ಲೇ ಬಿಚ್ಚಬೇಕು, ಬಿಚ್ಚಿದರೆ ಉಬ್ಬುತ್ತದೆ, ಮತ್ತೆ ಸುತ್ತಲು ಯಾರಪ್ಪನಿಂದಲೂ ಆಗದು ಎಂದು ಎಚ್ಚರಿಸಿ ಹೋದರು. ದರ್ಜಿ ಮಂಚ ಒರೆಸಲು ಒಳಗೆ ಹೋದ. ಅದೇ ತಪ್ಪಾಯಿತು.

ಎದುರುಮನೆಯ ಅಜ್ಜಿ ಹೊರಗೆ ಬಂದು ಸುರುಳಿ ನೋಡಿದರು. ಮೇಲಿನ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರೂ ಇಳಿದು ಬಂದರು. ಇಬ್ಬರು ಮಲಗುವ ಹಾಸಿಗೆ ಇಷ್ಟು ಸಣ್ಣಗಿರಲು ಸಾಧ್ಯವೇ ಇಲ್ಲ, ಅಂಗಡಿಯವರು ಬಡಪಾಯಿಗೆ ಟೋಪಿ ಹಾಕಿದ್ದಾರೆ ಎಂದು ಇಬ್ಬರೂ ತೀರ್ಮಾನಿಸಿದರು. ತಂದವರು ಬೀದಿ ದಾಟುವ ಮುಂಚೆ ಪರೀಕ್ಷಿಸಿಬಿಡೋಣವೆಂದು ಅಜ್ಜಿ ತರಕಾರಿ ಚಾಕು ತಂದರು.

ಬುಸ್ಸೆಂದು ಸದ್ದಾಯಿತು. ದರ್ಜಿ ಓಡಿ ಬರುವಷ್ಟರಲ್ಲಿ ಹಾಸಿಗೆ ನೆನೆಹಾಕಿದ ಕಡಲೆಯ ಹಾಗೆ ಉಬ್ಬಿ, ಮೆಟ್ಟಿಲ ಕಂಬಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿತ್ತು. ಅದರ ಹಿಂದೆ ಮೇಷ್ಟ್ರ ತಲೆ ಮಾತ್ರ ಕಾಣುತ್ತಿತ್ತು.

"ಅಜ್ಜಿ, ಏನ್ ಮಾಡಿಬಿಟ್ರಿ?"

"ನಿನ್ ಒಳ್ಳೇದಕ್ಕೇ ಕಣಪ್ಪಾ. ಮೋಸ ಆಗಿಲ್ಲ ಬಿಡು, ಪೂರ್ತಿ ಹಾಸಿಗೆನೇ ಕೊಟ್ಟಿದಾರೆ."

ಕೆಳಗಿನ ಮನೆಯ ಎಲೆಕ್ಟ್ರಿಷಿಯನ್ ಏಣಿ ಹೊತ್ತು ಬಂದ. ಏಣಿಯನ್ನು ಯಾರೂ ಕೇಳಿರಲಿಲ್ಲ. ಮೇಲಿನ ಮಹಡಿಯ ಗಂಡ ಹೆಂಡತಿ ಹಾಲು ತರಲು ಹಾಸಿಗೆ ಹತ್ತಿ ಇಳಿದರು, ವಾಪಸ್ಸು ಬರುವಾಗ ಮತ್ತೆ ಹತ್ತಿ, ಗಟ್ಟಿಮುಟ್ಟಾಗಿದೆ ಎಂದು ಸರ್ಟಿಫಿಕೇಟನ್ನೂ ಕೊಟ್ಟರು. ಆಮೇಲೆ ಎಲ್ಲರೂ ಸೇರಿ ತಳ್ಳತೊಡಗಿದರು. ಮೇಷ್ಟ್ರು ಒಂದು, ಎರಡು ಎಂದು ಕೂಗಿ ಎಲ್ಲರಿಂದ ಕವಾಯತು ಮಾಡಿಸಿದರು. ದರ್ಜಿಯ ಬಾಗಿಲು ಮೆಟ್ಟಿಲ ತಿರುವಿನಲ್ಲಿತ್ತು, ಹಾಸಿಗೆ ಆ ಕಡೆ ಏನು ಮಾಡಿದರೂ ತಿರುಗಲಿಲ್ಲ. ಎರಡು ಗಂಟೆಯಾದ ಮೇಲೆ, ಬೇಕಾದ ಕಡೆಗೆ ತಳ್ಳುವುದನ್ನು ಬಿಟ್ಟು ಅದು ಹೋಗುವ ಕಡೆಗೆ ತಳ್ಳಿದರು. ಎದುರಿಗೆ ಅಜ್ಜಿಯ ಬಾಗಿಲು ತೆರೆದಿತ್ತು. ಹಾಸಿಗೆ ಸರಾಗವಾಗಿ ಒಳಗೆ ನುಗ್ಗಿ, ಕೋಣೆ ಸೇರಿ, ಅಜ್ಜಿಯ ಮಂಚದ ಮೇಲೆ ಅಚ್ಚುಕಟ್ಟಾಗಿ ಕೂತಿತು. ಅಲ್ಲಿಂದ ಅದನ್ನು ಹೊರಡಿಸುವ ತ್ರಾಣ ಯಾರಲ್ಲೂ ಉಳಿದಿರಲಿಲ್ಲ.

ದರ್ಜಿಯ ಹೊಟ್ಟೆ ಉರಿಯಿತು. ಆದರೆ ಬೆನ್ನು ಅದಕ್ಕಿಂತ ಹೆಚ್ಚು ಉರಿಯುತ್ತಿತ್ತು. ಯಾರ ಮನೆಯಾದರೇನು, ಐದು ನಿಮಿಷ ಮಲಗಿದರೆ ಸಾಕೆಂದು ಗೋಡೆ ಹಿಡಿದುಕೊಂಡು ಅಜ್ಜಿಯ ಕೋಣೆಗೆ ಹೋದ.

ಹಾಸಿಗೆಯ ಮೇಲೆ ಸೂಜಿ ಊರಲೂ ಜಾಗವಿರಲಿಲ್ಲ. ತಳ್ಳಿ ತಳ್ಳಿ ಸೊಂಟ ಹಿಡಿದುಕೊಂಡಿದ್ದ ಮೇಷ್ಟ್ರು, ಎಲೆಕ್ಟ್ರಿಷಿಯನ್, ಮೇಲಿನ ಮಹಡಿಯ ಗಂಡ ಹೆಂಡತಿ ಅಡ್ಡಡ್ಡ ಮಲಗಿ ನರಳುತ್ತಿದ್ದರು. ಸ್ವಲ್ಪ ಪಕ್ಕಕ್ಕೆ ಸರಿಯಿರಿ ಎಂದು ದರ್ಜಿ ಕೈಮುಗಿದು ಕೇಳಿಕೊಂಡ.

ಮೇಷ್ಟ್ರು ಕಣ್ಣು ಕೂಡ ಬಿಡಲಿಲ್ಲ. "ನಿಮ್ದು ಹಳೇ ನೋವು, ಅಭ್ಯಾಸ ಆಗಿರತ್ತೆ. ನಮ್ದು ಇವತ್ತು ಶುರುವಾಗಿದ್ದು. ಮೊದ್ಲು ನಮ್ದು ವಾಸಿಯಾಗ್ಲಿ."

ಅಜ್ಜಿ ಮುಲಾಮಿನ ಡಬ್ಬಿಯನ್ನು ದರ್ಜಿಯ ಕೈಗಿಟ್ಟರು. "ಹೇಗೂ ನಿಂತಿದೀಯಲ್ಲಪ್ಪಾ, ಮೇಷ್ಟ್ರ ಸೊಂಟಕ್ಕೆ ಒಂಚೂರು ತಿಕ್ಕು."